ಕೋಲಾರದ ಸರ್ಜಿಕಲ್ ಅಂಗಡಿಗಳ ಗ್ಲೌಸ್: ಯಾವ ಡಬ್ಬ ಕೊಳ್ಳಬಹುದು, ಯಾವುದನ್ನು ಬಿಡಬೇಕು

ಕ್ಲಿನಿಕ್, ಲ್ಯಾಬ್, ಹಲ್ಲಿನ ಆಸ್ಪತ್ರೆ ನಡೆಸುವವರು ಕೋಲಾರದಲ್ಲಿ ಗ್ಲೌಸ್ ಕೇಳಿದರೆ ಅಂಗಡಿಯವರು ಮುಂದಿಡುವುದು ನಾಲ್ಕು ಬಗೆ: ಪೌಡರ್ ಹಾಕಿದ ಲೇಟೆಕ್ಸ್, ಪೌಡರ್ ಇಲ್ಲದ ಲೇಟೆಕ್ಸ್, ನೀಲಿ ನೈಟ್ರೈಲ್ (ಕೃತಕ ರಬ್ಬರ್), ಪಾರದರ್ಶಕ ವಿನೈಲ್ (ಪ್ಲಾಸ್ಟಿಕ್). ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದಿನದ ಕೆಲಸಕ್ಕೆ ಪೌಡರ್ ಇಲ್ಲದ ಲೇಟೆಕ್ಸ್ ತಗೊಳ್ಳಿ, ಜೊತೆಗೆ ಕಾಲು ಭಾಗ ನೈಟ್ರೈಲ್ ಇರಲಿ. ವಿನೈಲ್ ಹಿಗ್ಗುವುದಿಲ್ಲ, ಬೇಗ ತೂತು ಬೀಳುತ್ತದೆ. ರಕ್ತ ಮುಟ್ಟುವ ಕೆಲಸಕ್ಕೆ ಬೇಡ. ಪೌಡರ್ ಗ್ಲೌಸ್ ಪರವಾಗಿ ಹೇಳುವುದಕ್ಕೆ ಅಗ್ಗ ಅನ್ನುವುದೊಂದೇ ಇದೆ. ಆ ಪುಡಿ ಲೇಟೆಕ್ಸಿನ ಪ್ರೋಟೀನನ್ನು ಗಾಳಿಗೆ ಎಬ್ಬಿಸಿ ಅಲರ್ಜಿ ಹೆಚ್ಚಿಸುತ್ತದೆಂದು ಅಮೆರಿಕ 2017ರ ಜನವರಿಯಿಂದಲೇ ಅದನ್ನು ನಿಷೇಧಿಸಿದೆ.

ನೈಟ್ರೈಲ್ ಗಟ್ಟಿ, ಎಣ್ಣೆಗೂ ಬಗ್ಗುವುದಿಲ್ಲ, ಹಾಗಾದರೆ ಎಲ್ಲವನ್ನೂ ಅದನ್ನೇ ಕೊಂಡರಾಯಿತಲ್ಲ ಅನ್ನುವವರು 2020–21ನ್ನು ನೆನಪು ಮಾಡಿಕೊಳ್ಳಬೇಕು. ಜಗತ್ತಿನ ಗ್ಲೌಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಲೇಷ್ಯಾ ಒಂದರಿಂದಲೇ ಬರುತ್ತಿತ್ತು. ಕೋವಿಡ್ ರೋಗಿಗಳ ಆರೈಕೆಗೆ ತಿಂಗಳಿಗೆ 7.6 ಕೋಟಿ ಪರೀಕ್ಷಾ ಗ್ಲೌಸ್ ಬೇಕಾದೀತು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅಂದಾಜಿಸಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅತಿ ದೊಡ್ಡ ತಯಾರಕ ಟಾಪ್ ಗ್ಲೋವ್‌ನ ಕಾರ್ಮಿಕರಿಗೇ ಸೋಂಕು ಹರಡಿ, ಕಾರ್ಖಾನೆಗಳನ್ನು ಹಂತಹಂತವಾಗಿ ಮುಚ್ಚಬೇಕಾಯಿತು. ಭಾರತ 2020ರ ಜನವರಿ 31ರಂದು ಸುರಕ್ಷಾ ಸಾಮಗ್ರಿಗಳ ರಫ್ತನ್ನೇ ತಡೆದಿತ್ತು. ಫೆಬ್ರವರಿಯಲ್ಲಿ ಉಳಿದ ಗ್ಲೌಸ್‌ಗಳಿಗೆ ಸಡಿಲಿಕೆ ಸಿಕ್ಕಿತು, ನೈಟ್ರೈಲ್‌ಗೆ ಸಿಗಲಿಲ್ಲ. ನಮ್ಮಲ್ಲಿ ಯಾವುದು ಕಡಿಮೆ ಇತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಲೇಟೆಕ್ಸ್‌ಗೂ ಆಗ ಬೆಲೆ ಏರಿತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕಚ್ಚಾ ಮಾಲು ಕೇರಳದ ರಬ್ಬರ್ ತೋಟದ ಹಾಲು, ಕಾರ್ಖಾನೆಗಳೂ ಅಲ್ಲೇ ಸುತ್ತಮುತ್ತ. ನೈಟ್ರೈಲ್‌ನ ಮೂಲ ಪೆಟ್ರೋಲಿಯಂ ರಾಸಾಯನಿಕ. ಬ್ಯುಟಡೈನ್ ಮತ್ತು ಅಕ್ರಿಲೋನೈಟ್ರೈಲ್ ಸೇರಿಸಿದ ದ್ರವ ಬಾರದಿದ್ದರೆ ಯಂತ್ರ ಇದ್ದೂ ಪ್ರಯೋಜನವಿಲ್ಲ. ಕೋಲಾರದ ಮಟ್ಟಿಗೆ ಇನ್ನೊಂದು ತಮಾಷೆ ಇದೆ. ಚೆನ್ನೈ ಬಂದರಿನ ಸರಕು ಮುಳಬಾಗಿಲು ದಾರಿಯಲ್ಲಿ ಬಂದರೂ ಊರ ಪಕ್ಕದಲ್ಲೇ ಹಾದು ಬೆಂಗಳೂರಿನ ಸ್ಟಾಕಿಸ್ಟ್ ಗೋದಾಮು ಸೇರುತ್ತದೆ, ಅಲ್ಲಿಂದ ಸಣ್ಣ ಪಾಲಾಗಿ ವಾಪಸ್ ಬರುತ್ತದೆ. ಅಭಾವ ಬಂದಾಗ ದೊಡ್ಡ ಆಸ್ಪತ್ರೆಗಳ ಆರ್ಡರ್ ಮೊದಲು ಹೋಗಿ, ತಾಲ್ಲೂಕಿನ ಕ್ಲಿನಿಕ್‌ಗೆ ಮಿಕ್ಕಿದ ಸೈಜು ಸಿಗುತ್ತದೆ. ಎಂ ಸೈಜು ಮುಗಿದಿದೆ, ಎಲ್ ತಗೊಳ್ಳಿ ಎಂದರೆ ಒಪ್ಪಬೇಡಿ. ಬೆರಳ ತುದಿ ಸಡಿಲವಾದರೆ ನರ ಸಿಗುವುದಿಲ್ಲ, ಸೂಜಿ ಗ್ಲೌಸಿಗೆ ಸಿಕ್ಕಿಕೊಳ್ಳುತ್ತದೆ. ಗ್ಲೌಸನ್ನು ಚಪ್ಪಟೆಯಾಗಿ ಹಾಸಿ ಅಳೆದಾಗ ಅಂಗೈ ಭಾಗದ ಅಗಲ ಸುಮಾರು 80 ಮಿ.ಮೀ. ಇದ್ದರೆ ಎಸ್, 95 ಇದ್ದರೆ ಎಂ, 110 ಇದ್ದರೆ ಎಲ್.

ಇನ್ನು ಡಬ್ಬ ನೋಡುವ ಬಗೆ. ಪರೀಕ್ಷಾ ಗ್ಲೌಸ್‌ಗಳ ಭಾರತೀಯ ಮಾನದಂಡವಾದ ಐಎಸ್ 15354 ಎಂಬ ಗುರುತು, ತಯಾರಕರ ಪೂರ್ತಿ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್, ತಯಾರಿಸಿದ ತಿಂಗಳು ಇವಿಷ್ಟೂ ಅಚ್ಚಾಗಿರಬೇಕು. ಮೇಲೆ ಅಂಟಿಸಿದ ಚೀಟಿ ಆಗಿರಬಾರದು. ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಟ್ಟ) 1.5 ಎಂದಿದ್ದರೆ ಒಳ್ಳೆಯದು, 2.5 ಸಾಧಾರಣ. ಈ ಸಂಖ್ಯೆ ಚಿಕ್ಕದಾದಷ್ಟೂ ತೂತಿನ ಗ್ಲೌಸ್ ಕಡಿಮೆ. ಎಂಆರ್‌ಪಿ ನೋಡಿ ಗುಣಮಟ್ಟ ಅಳೆಯಬೇಡಿ, ಡಬ್ಬದ ಮೇಲಿನ ಬೆಲೆಗೂ ಮಾರುವ ಬೆಲೆಗೂ ಅಜಗಜಾಂತರ. ಬದಲಿಗೆ ತಕ್ಕಡಿಗೆ ಹಾಕಿ. ಎಂ ಸೈಜಿನ ನೈಟ್ರೈಲ್ ಒಂದಕ್ಕೆ 3ರಿಂದ 4 ಗ್ರಾಂ ತೂಗುತ್ತದೆ, ಅಂದರೆ ನೂರಕ್ಕೆ 300ರಿಂದ 400. ಡಬ್ಬದ ರಟ್ಟು ಬಿಟ್ಟು 270 ಗ್ರಾಂ ಬಂದರೆ ಒಂದೋ ಎಣಿಕೆ ಕಡಿಮೆ, ಇಲ್ಲವೇ ಪೊರೆ ತೆಳು. ಕೆಲವರು ಎಣಿಸುವ ಬದಲು ತೂಕದ ಮೇಲೆ ತುಂಬುತ್ತಾರೆ, ಆದ್ದರಿಂದ ಹೊಸ ಬ್ರ್ಯಾಂಡ್ ಕೊಂಡಾಗ ಒಂದು ಡಬ್ಬವನ್ನಾದರೂ ಎಣಿಸಿ.

ನೀರಿನ ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಒಂದು ಲೀಟರ್ ನೀರನ್ನು ಗ್ಲೌಸಿಗೆ ತುಂಬಿ, ಬಾಯಿ ಹಿಡಿದು ಎರಡು ನಿಮಿಷ ತೂಗುಹಾಕಿ. ಬೆರಳ ಸಂದಿ ಮತ್ತು ಬೆರಳ ತುದಿಯಲ್ಲಿ ಹನಿ ಮೂಡುತ್ತದೆಯೇ ನೋಡಿ. ತೂತು ಹೆಚ್ಚಾಗಿ ಇರುವುದು ಅಲ್ಲೇ. ಗ್ಲೌಸ್ ತಯಾರಿಸುವ ಕೈಯಾಕಾರದ ಪಿಂಗಾಣಿ ಅಚ್ಚು ಕೊಳೆಯಾಗಿದ್ದರೆ, ಇಲ್ಲವೇ ದ್ರವದಲ್ಲಿ ಗಾಳಿಗುಳ್ಳೆ ಇದ್ದರೆ ಆ ಜಾಗದಲ್ಲಿ ಪೊರೆ ಕೂರುವುದಿಲ್ಲ. ಹತ್ತರಲ್ಲಿ ಮೂರು ಸೋರಿದರೆ ಆ ಬ್ಯಾಚ್ ಪೂರ್ತಿ ವಾಪಸ್ ಕೊಡಿ. ಒಂದು ಸೋರಿದರೆ ಇನ್ನೂ ಹತ್ತು ನೋಡಿ.

ಅಭಾವದ ದಿನಗಳಲ್ಲಿ ಬಂದ ಕಳಪೆ ಮಾಲಿಗೆ ಮುಖ್ಯ ಕಾರಣ ಅವಸರ. ಅಚ್ಚನ್ನು ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಅದ್ದಿ, ಆಮೇಲೆ ರಬ್ಬರ್ ದ್ರವದಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಬೇಯಿಸಿ, ಕ್ಲೋರಿನ್ ಕೊಟ್ಟು ಕಳಚುವ ಯಂತ್ರಗಳ ಸಾಲು ಅದು. ಹೊಸ ಸಾಲು ಹಾಕಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ಇದ್ದ ಸಾಲನ್ನೇ ಜೋರಾಗಿ ಓಡಿಸುವ ಆಸೆ ಹುಟ್ಟುತ್ತದೆ. ತೊಳೆಯುವ ಹೊತ್ತು ಕಡಿತವಾದರೆ ರಾಸಾಯನಿಕ ಉಳಿದು ಕೈ ತುರಿಸುತ್ತದೆ. ಬೇಯಿಸುವುದು ಕಡಿತವಾದರೆ ಎಳೆದಾಗ ಹಿಗ್ಗಿ ಹಾಗೇ ನಿಲ್ಲುತ್ತದೆ, ಹಿಂದಕ್ಕೆ ಬರುವುದಿಲ್ಲ. ಕ್ಲೋರಿನ್ ಸಾಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಡಬ್ಬದಿಂದ ಮೂರು ಒಟ್ಟಿಗೆ ಎದ್ದು ಬರುತ್ತವೆ.

ಇದಕ್ಕಿಂತ ಕೆಟ್ಟದ್ದು ಬಳಸಿದ ಮಾಲು. ಥಾಯ್ಲೆಂಡಿನಲ್ಲಿ 2020ರ ಕೊನೆಯಲ್ಲಿ ನಡೆದ ದಾಳಿಯಲ್ಲಿ ಬಳಸಿದ ಗ್ಲೌಸ್ ತೊಳೆದು, ಬಣ್ಣ ಹಾಕಿ, ಮರುಪ್ಯಾಕ್ ಮಾಡುತ್ತಿದ್ದ ಗೋದಾಮು ಸಿಕ್ಕಿತು. ಒಂದೇ ಡಬ್ಬದಲ್ಲಿ ನೀಲಿಯ ಬಣ್ಣಭೇದ, ಸುರುಳಿ ಬಿಚ್ಚಿದ ಅಂಚು, ಕಲೆ, ಬೇರೆ ಬೇರೆ ದಪ್ಪ ಕಂಡರೆ ತೆರೆದ ಡಬ್ಬವನ್ನೇ ಅಂಗಡಿಗೆ ಒಯ್ಯಿರಿ. ಬಿಲ್ ಇಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಾಟ್ ಮಾಲು ಮುಟ್ಟಬೇಡಿ.

ದಾಸ್ತಾನಿನ ಲೆಕ್ಕ ಸುಲಭ. ದಿನಕ್ಕೆ 20 ಜೋಡಿ ಬೇಕಾದರೆ 40 ಗ್ಲೌಸ್. 25 ದಿನಕ್ಕೆ ಸಾವಿರ, ಅಂದರೆ ನೂರರ ಹತ್ತು ಡಬ್ಬದ ಒಂದು ಕಾರ್ಟನ್. ಮೂರು ತಿಂಗಳದ್ದು ಇದ್ದರೆ ಸಾಕು. ವರ್ಷಕ್ಕಾಗುವಷ್ಟು ಕೊಂಡು ಶೀಟ್ ಮನೆಯಲ್ಲಿ ಪೇರಿಸಿದರೆ ಕೋಲಾರದ ಏಪ್ರಿಲ್ ಬಿಸಿಲಿಗೆ ಲೇಟೆಕ್ಸ್ ಹಳದಿಯಾಗಿ ಬಿರಿಯುತ್ತದೆ. ಕಿಟಕಿ ಬೆಳಕು, ಓಝೋನ್ ಬಿಡುವ ಮೋಟಾರು ಮತ್ತು ಎಕ್ಸ್‌ರೇ ಯಂತ್ರಗಳಿಂದ ದೂರವಿಡಿ. ಹಳೆಯ ಬ್ಯಾಚ್ ಮೊದಲು ತೆಗೆಯಿರಿ. ವ್ಯಾಸಲಿನ್, ಎಣ್ಣೆ ಕ್ರೀಮ್ ಹಚ್ಚಿದ ಕೈಗೆ ಲೇಟೆಕ್ಸ್ ಹಾಕಬೇಡಿ.

ಮತ್ತೆ ಅಭಾವ ಬಂದರೆ ಮೊದಲು ನಿಲ್ಲಿಸಬೇಕಾದದ್ದು ಬೇಡದ ಬಳಕೆ. ಬಿಪಿ ನೋಡಲು, ಕಡತ ಹಿಡಿಯಲು ಗ್ಲೌಸ್ ಬೇಕಿಲ್ಲ. ಲಸಿಕೆ ಚುಚ್ಚುವವರಿಗೂ, ಕೈಯಲ್ಲಿ ಗಾಯವಿಲ್ಲದೆ ರಕ್ತ ಮುಟ್ಟುವ ಸಂಭವವಿಲ್ಲದಿದ್ದರೆ, ಕೈ ತೊಳೆದರೆ ಸಾಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತೀರಾ ಗತಿಯಿಲ್ಲದ ಸಂದರ್ಭಕ್ಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಹಾಕಿಕೊಂಡ ಗ್ಲೌಸ್ ಮೇಲೆ ಸ್ಯಾನಿಟೈಸರ್ ಹಚ್ಚುವುದನ್ನು ಆರು ಸಲದವರೆಗೆ ಒಪ್ಪಿತ್ತು. ಹರಿದರೆ, ರಕ್ತ ತಗುಲಿದರೆ ಅಲ್ಲಿಗೆ ಮುಗಿಯಿತು. ಕಳಚಿದ್ದನ್ನು ಕತ್ತರಿಸಿ ಆಸ್ಪತ್ರೆ ತ್ಯಾಜ್ಯದ ಕೆಂಪು ಚೀಲಕ್ಕೆ ಹಾಕಿ, ಕಸದ ಗಾಡಿಗೆ ಕೊಡಬೇಡಿ. ಇಡಿಯಾಗಿ ಹೊರಹೋದ ಗ್ಲೌಸೇ ತೊಳೆಯುವವರ ಕೈ ಸೇರುವುದು.