ಹಳೆಯ ಮೋಟಾರ್ ಸೈಕಲ್ಲಿಗೆ ಹೊರಗಿನ ಸೈಲೆನ್ಸರ್: ಆರು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ನನ್ನ ಮೋಟಾರ್ ಸೈಕಲ್ ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರ್ ಮತ್ತು ಪೆಟ್ರೋಲ್-ಗಾಳಿ ಬೆರೆಸುವ ಎರಡು ಕಾರ್ಬ್ಯುರೇಟರ್ ಇರುವ ಹಳೆಯ ಯಂತ್ರ. ಅದರ ಜೊತೆಯಲ್ಲೇ ಬಂದಿದ್ದ ಎರಡೂ ಸೈಲೆನ್ಸರುಗಳು ಒಳಗಿನಿಂದ ತುಕ್ಕು ತಿಂದು, ಕೆಳಭಾಗದ ಬೆಸುಗೆಯ ಗೆರೆಯುದ್ದಕ್ಕೂ ತೂತು ಬಿದ್ದವು. ಆ ಮಾದರಿಗೆಂದೇ ಮಾಡಿದ ಸೈಲೆನ್ಸರುಗಳು ಈಗ ಹೊಸದಾಗಿ ತಯಾರಾಗುವುದಿಲ್ಲವಾದ್ದರಿಂದ, ಎಲ್ಲ ಮೋಟಾರ್ ಸೈಕಲ್ಲುಗಳಿಗೂ ಹೊಂದುತ್ತವೆ ಎಂದು ಮಾರುವ ಒಂದು ಜೋಡಿಯನ್ನು ಕೊಂಡು ನಾನೇ ಜೋಡಿಸಿದೆ. ಆಮೇಲೆ ಆರು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಇಂಥ ಸಾಮಾನನ್ನು ಕೊಳ್ಳುವವರು ಬಹುತೇಕ ಅದರ ಸದ್ದನ್ನು ಕೇಳಿ ಮನಸೋಲುತ್ತಾರೆ. ಆದರೆ ಅದರ ಯೋಗ್ಯತೆ ತಿಳಿಯುವುದು ಎಂಜಿನ್ನಿನಿಂದ ಹೊಗೆಯನ್ನು ತರುವ ಬೆಂಡ್ ಪೈಪನ್ನು ಹಿಡಿಯುವ ಮೂರು ಅಂಗುಲದ ಜಾಗದಲ್ಲಿ ಮತ್ತು ಚಾಸಿಗೆ ಬಿಗಿಯುವ ಪಟ್ಟಿಯಲ್ಲಿ; ನನ್ನ ಮೆಚ್ಚುಗೆ ಮತ್ತು ಆಕ್ಷೇಪ ಎರಡೂ ಅಲ್ಲಿಂದಲೇ ಹುಟ್ಟಿವೆ.

ಮೊದಲು ಅಳತೆಯ ವಿಷಯ. ಸೈಲೆನ್ಸರಿನ ಬಾಯಿಯ ಒಳವ್ಯಾಸ 45 ಮಿ.ಮೀ. ಇದ್ದು, ಅದಕ್ಕಿಂತ ತೆಳುವಾದ ಪೈಪುಗಳಿಗಾಗಿ ಬೇರೆ ಬೇರೆ ಅಳತೆಯ ಮೂರು ತೋಳುಗಳನ್ನು, ಅಂದರೆ ಒಂದರೊಳಗೊಂದು ಕೂರುವ ಉಕ್ಕಿನ ಕೊಳವೆಗಳನ್ನು ಕೊಟ್ಟಿದ್ದಾರೆ. ನನ್ನ ಬೆಂಡ್ ಪೈಪಿನ ಹೊರವ್ಯಾಸ 38 ಮಿ.ಮೀ. ಎಂದು ಕೈಪಿಡಿ ಹೇಳುತ್ತದೆ. ವರ್ನಿಯರ್ ಹಿಡಿದು ನೋಡಿದಾಗ ಒಂದು ದಿಕ್ಕಿನಲ್ಲಿ 38.3 ಮಿ.ಮೀ., ಅದಕ್ಕೆ ಅಡ್ಡಲಾಗಿ 37.4 ಮಿ.ಮೀ. ಬಂತು. ವರ್ಷಾನುಗಟ್ಟಲೆ ಕ್ಲಾಂಪಿನ ಹಿಡಿತದಲ್ಲಿದ್ದ ಪೈಪು ದುಂಡಗೆ ಉಳಿಯುವುದಿಲ್ಲ, ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ. ಹೊಸ ಸೈಲೆನ್ಸರ್ ತಯಾರಕರಾದರೋ ಪೈಪು ದುಂಡಗೇ ಇರುತ್ತದೆಂದು ನಂಬಿ ತೋಳನ್ನು ಮಾಡಿದ್ದಾರೆ. ಅದರಲ್ಲಿ ಉದ್ದಕ್ಕೆ ಸೀಳಿದ ಒಂದೇ ಗೆರೆ ಇರುವುದರಿಂದ ಕ್ಲಾಂಪ್ ಬಿಗಿದಾಗ ಒಂದು ಕಡೆ ಮಾತ್ರ ಒತ್ತುತ್ತದೆ, ಉಳಿದ ಕಡೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಮೊದಲ ಸಲ ಎಂಜಿನ್ ಚಾಲೂ ಮಾಡಿ, ಇನ್ನೂ ತಣ್ಣಗಿದ್ದಾಗಲೇ ದಪ್ಪ ಬಟ್ಟೆಯನ್ನು ಕ್ಷಣಕಾಲ ಹಿಂಬದಿಯ ಬಾಯಿಗೆ ಒತ್ತಿ ಹಿಡಿದಾಗ ಬಲಗಡೆಯ ಜೋಡಣೆಯಿಂದ ಬುಸುಗುಟ್ಟುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಪೈಪಿನ ತುದಿಯನ್ನು ನಯವಾಗಿ ತಿದ್ದಿ, ತೋಳಿಗೆ ಎರಡನೆಯ ಸೀಳನ್ನು ಹಾಕಿ, ಶಾಖ ತಡೆಯುವ ಪೇಸ್ಟನ್ನು ತೆಳ್ಳಗೆ ಸವರಿ ಮತ್ತೆ ಕೂರಿಸಿದ ಮೇಲೆ ಅದು ನಿಂತಿತು. ತೋಳಿಗೆ ಎರಡು ಅಥವಾ ನಾಲ್ಕು ಸೀಳುಗಳನ್ನು ಮೊದಲೇ ಕೊಟ್ಟಿದ್ದರೆ ಕೊಂಡವರಿಗೆ ಈ ಕೆಲಸವೇ ಇರುತ್ತಿರಲಿಲ್ಲ.

ಜೋಡಣೆಯಲ್ಲಿ ಗಾಳಿ ಸೋರುವುದನ್ನು ಸಣ್ಣ ವಿಷಯವೆಂದು ಬಿಡಬಾರದು. ಎಕ್ಸಾಸ್ಟ್ ಪೈಪಿನೊಳಗೆ ಒತ್ತಡ ಒಂದೇ ಸಮನಾಗಿ ಇರುವುದಿಲ್ಲ. ಪ್ರತಿ ಸ್ಫೋಟದ ಹಿಂದೆಯೇ ಒತ್ತಡ ತಗ್ಗಿದ ಅಲೆಯೂ ಬರುತ್ತದೆ, ಆಗ ಸಂದಿನಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಉಳಿದ ಪೆಟ್ರೋಲ್ ಆವಿ ಈ ಗಾಳಿ ಸೇರಿ ಪೈಪಿನಲ್ಲೇ ಉರಿದು ಪಟ್ ಪಟ್ ಎನ್ನುತ್ತದೆ. ಹಲವರು ಇದು ಹೊಸ ಸೈಲೆನ್ಸರಿನ ಸ್ವಭಾವವೆಂದೇ ಭಾವಿಸಿ ಸಂತೋಷಪಡುತ್ತಾರೆ. ಕಾರ್ಬ್ಯುರೇಟರಿಗೆ ಕೈ ಹಾಕುವ ಮುನ್ನ ಈ ಸೋರಿಕೆಯನ್ನು ನಿಲ್ಲಿಸಲೇಬೇಕು, ಇಲ್ಲವಾದರೆ ಆಮೇಲೆ ಮಾಡುವ ಪ್ರತಿಯೊಂದು ತಿದ್ದುಪಡಿಯೂ ದಾರಿ ತಪ್ಪಿಸುತ್ತದೆ.

ಜೋಡಿಸುವ ಕ್ರಮದ ಬಗ್ಗೆ ಪೆಟ್ಟಿಗೆಯಲ್ಲಿದ್ದ ಚೀಟಿ ಏನನ್ನೂ ಹೇಳುವುದಿಲ್ಲ. ಹಳೆಯ ಯಂತ್ರದಲ್ಲಿ ಬೆಂಡ್ ಪೈಪನ್ನು ಸಿಲಿಂಡರ್ ಹೆಡ್ಡಿಗೆ ಹಿಡಿಯುವ ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಉಕ್ಕಿನವು, ಹೆಡ್ಡು ಅಲ್ಯುಮಿನಿಯಂ. ಎರಡೂ ಸೇರಿ ವರ್ಷಗಳ ಕಾಲ ಕಾದು ತಣಿದು ಹಿಡಿದುಕೊಂಡಿರುತ್ತವೆ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು, ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಬಿಚ್ಚಿದ್ದರಿಂದ ಒಂದೂ ಸ್ಟಡ್ ತುಂಡಾಗಲಿಲ್ಲ. ಸೈಲೆನ್ಸರನ್ನಷ್ಟೇ ಬದಲಿಸುವವರು ಹೆಡ್ಡಿನ ನಟ್ಟುಗಳನ್ನು ಮುಟ್ಟಬೇಕೆಂದಿಲ್ಲ ಎಂದು ತೋರಬಹುದು. ಆದರೆ ಬೆಂಡ್ ಪೈಪು ಸ್ವಲ್ಪವಾದರೂ ಅಲುಗಾಡದಿದ್ದರೆ ಸೈಲೆನ್ಸರನ್ನು ಪಟ್ಟಿಯ ಕಡೆಗೆ ಎಳೆದು ಬಿಗಿಯಬೇಕಾಗುತ್ತದೆ, ಆ ಎಳೆತ ಅಲ್ಲೇ ಉಳಿದು ಕಂಪನದೊಂದಿಗೆ ಸೇರಿ ಲೋಹವನ್ನು ಸೀಳುತ್ತದೆ. ಹೊಸ ತಾಮ್ರದ ಗ್ಯಾಸ್ಕೆಟ್ ಹಾಕಿ, ಎಲ್ಲವನ್ನೂ ಮೊದಲು ಕೈಯಿಂದಲೇ ತಿರುಗಿಸಿ ನಿಲ್ಲಿಸಿ, ಆಮೇಲೆ ಹೆಡ್ಡಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುವುದು ಸರಿಯಾದ ಕ್ರಮ.

ಪಟ್ಟಿಯ ವಿಷಯದಲ್ಲಿ ನನಗೆ ನಿಜವಾದ ಅಸಮಾಧಾನವಿದೆ. ಮೂಲ ಸೈಲೆನ್ಸರನ್ನು ಚಾಸಿಗೆ ಹಿಡಿದಿದ್ದ ಜಾಗದಲ್ಲಿ ರಬ್ಬರ್ ಬುಷ್ ಇತ್ತು, ಅದರೊಳಗೆ ಉಕ್ಕಿನ ಸಣ್ಣ ಕೊಳವೆಯಿತ್ತು. ಬೋಲ್ಟ್ ಎಷ್ಟು ಬಿಗಿದರೂ ರಬ್ಬರ್ ಜಜ್ಜಿಹೋಗದಂತೆ ಅದು ಕಾಯುತ್ತಿತ್ತು. ಹೊಸ ಜೋಡಿಯೊಂದಿಗೆ ಬಂದದ್ದು ಮೂರು ಮಿಲಿಮೀಟರ್ ದಪ್ಪದ ನೇರ ಉಕ್ಕಿನ ಪಟ್ಟಿ, ಅದಕ್ಕೆ ರಬ್ಬರೇ ಇಲ್ಲ. ಹಳೆಯ ಬುಷ್ಷುಗಳನ್ನೇ ತೆಗೆದು ಅಳವಡಿಸಿದರೂ ಎರಡು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಎಡಗಡೆಯ ಪಟ್ಟಿಯ ತೂತಿನ ಅಂಚಿನಿಂದ ಸಣ್ಣ ಬಿರುಕು ಹೊರಟಿತ್ತು. ಐದು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಕತ್ತರಿಸಿ, ಅಂಚುಗಳನ್ನು ದುಂಡಗೆ ಅರದಿಂದ ಉಜ್ಜಿ ಹಾಕಿದ್ದೇನೆ; ಅದರ ಮೇಲೆ ನಾಲ್ಕು ಸಾವಿರ ಕಿಲೋಮೀಟರ್ ಕಳೆದರೂ ಗೆರೆ ಮೂಡಿಲ್ಲ. ಓಡುತ್ತಿರುವಾಗ ಸೈಲೆನ್ಸರ್ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಇದನ್ನು ಸಣ್ಣ ಉಳಿತಾಯವೆಂದು ಕ್ಷಮಿಸಲು ನನಗೆ ಮನಸ್ಸಿಲ್ಲ.

ಸೆಂಟರ್ ಸ್ಟ್ಯಾಂಡ್ ಇರುವವರು ಕೊಳ್ಳುವ ಮೊದಲೇ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಎಷ್ಟೋ ಹಳೆಯ ಮಾದರಿಗಳಲ್ಲಿ ಸ್ಟ್ಯಾಂಡನ್ನು ಮೇಲಕ್ಕೆ ಮಡಚಿದಾಗ ಅದು ಬಂದು ನಿಲ್ಲುವ ರಬ್ಬರ್ ತಡೆ ಇರುವುದು ಮೂಲ ಸೈಲೆನ್ಸರಿನ ಹೊಟ್ಟೆಯ ಕೆಳಗೆ. ಸೈಲೆನ್ಸರ್ ಹೋದರೆ ತಡೆಯೂ ಹೋಗುತ್ತದೆ, ಸ್ಟ್ಯಾಂಡ್ ಇನ್ನೂ ಮೇಲೇರಿ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ಚೈನಿಗೋ ತಗಲುತ್ತದೆ. ಚಾಸಿಯ ಅಡ್ಡಪಟ್ಟಿಗೆ ನಾನೇ ಒಂದು ತಡೆಯನ್ನು ಬಿಗಿಯಬೇಕಾಯಿತು. ಹಿಂಚಕ್ರದ ಆಕ್ಸಲ್ ಹೊರಗೆಳೆಯಲು ಜಾಗ ಉಳಿದಿದೆ ಎಂಬುದು ಸಮಾಧಾನ.

ಎಂಜಿನ್ನಿನ ನಡವಳಿಕೆಗೆ ಬರೋಣ. ಮೂಲ ಸೈಲೆನ್ಸರಿನಲ್ಲಿ ಹೊಗೆ ಕೋಣೆಯಿಂದ ಕೋಣೆಗೆ ಸುತ್ತಿ ಹೋಗುತ್ತಿತ್ತು. ಹೊಸದರಲ್ಲಿ ತೂತುಗಳಿರುವ ನೇರ ಕೊಳವೆ, ಅದರ ಸುತ್ತ ಸದ್ದು ಹೀರುವ ಗ್ಲಾಸ್‌ವುಲ್. ಎಂಜಿನ್ನಿಗೆ ಬ್ಯಾಕ್ ಪ್ರೆಶರ್, ಅಂದರೆ ಹೊಗೆ ಹೊರಹೋಗುವಾಗ ಎದುರಾಗುವ ತಡೆ, ಬೇಕೇಬೇಕು ಎಂಬ ಮಾತು ಬಲವಾಗಿ ಬೇರೂರಿದೆ. ನಿಜವಾಗಿ ಎಂಜಿನ್ನಿಗೆ ಬೇಕಾಗಿರುವುದು ಸರಿಯಾದ ಹೊತ್ತಿಗೆ ಹಿಂತಿರುಗುವ ಒತ್ತಡದ ಅಲೆ. ಎರಡೂ ವಾಲ್ವುಗಳು ತುಸು ತೆರೆದಿರುವ ಕ್ಷಣದಲ್ಲಿ ಒತ್ತಡ ತಗ್ಗಿದ ಅಲೆ ಬಂದರೆ ಅದು ಸುಟ್ಟ ಅನಿಲವನ್ನು ಎಳೆದುಕೊಳ್ಳುತ್ತದೆ, ಒತ್ತಡ ಹೆಚ್ಚಿದ ಅಲೆ ಬಂದರೆ ತಾಜಾ ಮಿಶ್ರಣವನ್ನು ಹಿಂದಕ್ಕೆ ನೂಕುತ್ತದೆ. ಸೈಲೆನ್ಸರಿನ ಒಳರಚನೆ ಬದಲಾದಾಗ ಈ ಹೊಂದಾಣಿಕೆ ಬೇರೆ ವೇಗಕ್ಕೆ ಸರಿಯುತ್ತದೆ. ನನ್ನ ಗಾಡಿಯಲ್ಲಿ 3,000 ಮತ್ತು 4,000 ಆರ್‌ಪಿಎಂ ನಡುವೆ ಪಿಕಪ್ ಸ್ಪಷ್ಟವಾಗಿ ಕುಗ್ಗಿತು, ಸ್ಪಾರ್ಕ್ ಪ್ಲಗ್ಗಿನ ಮೂಗು ತಿಳಿಗಂದು ಬಣ್ಣದ ಬದಲು ಬಿಳಿಚಿಕೊಂಡಿತು, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು. ಗಾಳಿಯಿಂದ ತಣಿಯುವ ಎಂಜಿನ್ನನ್ನು ಈ ಸ್ಥಿತಿಯಲ್ಲಿ ದೂರ ಓಡಿಸಿದರೆ ಪಿಸ್ಟನ್ ವಿಪರೀತ ಕಾಯುತ್ತದೆ.

ಪೆಟ್ರೋಲ್ ಹೆಚ್ಚು ಬರಲೆಂದು ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಣುಕನ್ನು, ಎರಡು ಅಳತೆ ದೊಡ್ಡದಕ್ಕೆ ಬದಲಿಸಿದೆ, ಸೂಜಿಯನ್ನು ಒಂದು ಗೀರಿನಷ್ಟು ಮೇಲೆತ್ತಿದೆ. ಜೆಟ್ ಕೊಳ್ಳುವವರು ಬೇರೆ ಬೇರೆ ಕಂಪನಿಗಳ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸಬಾರದು; ಕೇಹಿನ್ ಜೆಟ್ಟಿನ ಮೇಲೆ 110 ಎಂದಿದ್ದರೆ ಅದು 1.10 ಮಿ.ಮೀ. ರಂಧ್ರವನ್ನು ಸೂಚಿಸುತ್ತದೆ, ಮಿಕುನಿಯ ಹಲವು ಜೆಟ್ಟುಗಳಲ್ಲಿ ಸಂಖ್ಯೆ ಹೇಳುವುದು ಹರಿವಿನ ಪ್ರಮಾಣವನ್ನು. ಎಂಜಿನ್ ನಿಧಾನಗತಿಯಲ್ಲಿ ಓಡುವಾಗಿನ ಮಿಶ್ರಣವನ್ನು ತಿದ್ದುವ ಸ್ಕ್ರೂ ತಿರುಗಿಸುವಾಗಲೂ ಅದು ಎಲ್ಲಿದೆಯೆಂದು ನೋಡಬೇಕು. ಏರ್ ಫಿಲ್ಟರಿನ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. ಎಂಜಿನ್ನಿನ ಕಡೆ ಇದ್ದರೆ ಅದು ಇಂಧನದ ಸ್ಕ್ರೂ, ಹೊರಗೆ ತಿರುಗಿಸಿದರೆ ಹೆಚ್ಚುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಪಿಕಪ್ ಬಹುಮಟ್ಟಿಗೆ ಮರಳಿತು, ಪ್ಲಗ್ಗಿನ ಬಣ್ಣವೂ ಸರಿಹೋಯಿತು. ಮೊದಲಿಗಿಂತ ಹೆಚ್ಚಿನ ಶಕ್ತಿ ಬಂದಿದೆಯೆಂದು ಹೇಳಲಾರೆ. ಒಂದೊಂದು ಸೈಲೆನ್ಸರಿನ ತೂಕ 4.2 ಕೆ.ಜಿ.ಯಿಂದ 2.6 ಕೆ.ಜಿ.ಗೆ ಇಳಿದಿದೆ, ಗಾಡಿಯನ್ನು ತಳ್ಳಿ ನಿಲ್ಲಿಸುವಾಗ ಅದು ಗೊತ್ತಾಗುತ್ತದೆ.

ಸದ್ದು ಗಂಭೀರವಾಗಿದೆ, ನನಗೆ ಹಿಡಿಸಿದೆ; ಸದ್ದು ತಗ್ಗಿಸಲು ಒಳಗಿಟ್ಟಿರುವ ತಡೆಯನ್ನು, ಅಂದರೆ ಬ್ಯಾಫಲ್ಲನ್ನು, ತೆಗೆಯದೆ ಓಡಿಸಿದಾಗ ಮಾತ್ರ. ಬ್ಯಾಫಲ್ಲನ್ನು ಒಂದೇ ಬೋಲ್ಟ್ ಹಿಡಿದಿದೆ, ಅದನ್ನು ಬಿಚ್ಚಿ ನೋಡಿದ ದಿನ ಕಿವಿಗೆ ಸಹಿಸಲಾಗಲಿಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳುತ್ತದೆ, ಆ ಭಾರವನ್ನು ಮನೆಯೊಳಗೆ ಮಲಗಿರುವ ಮಗುವೋ ಮುದುಕರೋ ಹೊರಬೇಕಾಗುತ್ತದೆ. ಮೂಲದ ಬದಲಿಗೆ ಹಾಕುವ ಸೈಲೆನ್ಸರುಗಳಿಗೆಂದೇ ವಿಶ್ವಸಂಸ್ಥೆಯ 92ನೇ ವಾಹನ ನಿಯಮವಿದೆ; ಅದರ ಪ್ರಕಾರ ಅನುಮೋದನೆ ಪಡೆದ ಸೈಲೆನ್ಸರಿನ ಮೇಲೆ ವೃತ್ತದೊಳಗೆ ಇ ಅಕ್ಷರ ಮತ್ತು ದೇಶದ ಸಂಖ್ಯೆ ಕೆತ್ತಿರುತ್ತದೆ. ಈ ಜೋಡಿಯ ಮೇಲೆ ಅಂಥ ಗುರುತಿಲ್ಲ. ಆ ಗುರುತನ್ನು ಕೇಳುವ ಕಡೆ ಗಾಡಿ ಓಡಿಸುವವರು ಇದನ್ನು ಕೊಳ್ಳಲೇಬಾರದು.

ಹೊರಗಿನ ಕ್ರೋಮ್ ಚೆನ್ನಾಗಿ ಉಳಿದಿದೆ, ಬಾಯಿಯ ಬಳಿ ಬೆರಳಗಲದಷ್ಟು ನೀಲಿ ಹಾಯ್ದಿದೆ, ಅಷ್ಟೆ. ಒಳಗಿನ ತುಕ್ಕಿನ ಬಗ್ಗೆ ನನಗೆ ಹೆಚ್ಚು ಕಾಳಜಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಸೈಲೆನ್ಸರ್ ಪೂರ್ತಿ ಕಾಯುವ ಮೊದಲೇ ಎಂಜಿನ್ ನಿಲ್ಲಿಸಿದರೆ ಆ ನೀರು ಒಳಗೇ ಇಳಿದು ನಿಲ್ಲುತ್ತದೆ. ನನ್ನ ಮೂಲ ಸೈಲೆನ್ಸರುಗಳು ಸತ್ತದ್ದು ಹೀಗೆಯೇ. ಹೊಸ ಜೋಡಿಯಲ್ಲಿ ಎಡಬಲಗಳಿಗೆ ಬೇರೆ ಬೇರೆ ರಚನೆಯಿಲ್ಲ, ಎರಡೂ ಒಂದೇ ಅಚ್ಚು. ಆದ್ದರಿಂದ ನೀರು ಬಸಿಯುವ ತೂತು ಬಲಗಡೆ ಸರಿಯಾಗಿ ಕೆಳಗೆ ಬಂದರೆ ಎಡಗಡೆ ಪಕ್ಕಕ್ಕೆ ಹೊರಳಿ ನಿಷ್ಪ್ರಯೋಜಕವಾಗುತ್ತದೆ. ಎಡಗಡೆಯದರ ಅತ್ಯಂತ ತಗ್ಗಿನ ಜಾಗದಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದೆ. ಚಳಿಯ ಬೆಳಗಿನಲ್ಲಿ ಅಲ್ಲಿಂದ ಕಪ್ಪು ನೀರು ತೊಟ್ಟಿಕ್ಕುವುದನ್ನು ನೋಡಿದರೆ ಅದು ಎಷ್ಟು ಅಗತ್ಯವಾಗಿತ್ತೆಂದು ತಿಳಿಯುತ್ತದೆ.

ಮೂಲ ಸೈಲೆನ್ಸರ್ ಇನ್ನೂ ಗಟ್ಟಿಯಾಗಿರುವವರಿಗೆ ಈ ಜೋಡಿಯನ್ನು ನಾನು ಸೂಚಿಸುವುದಿಲ್ಲ. ನನ್ನಂತೆ ಬೇರೆ ದಾರಿಯಿಲ್ಲದವರು, ಅರ ಹಿಡಿಯಲು ಬೇಸರಪಡದವರು, ಜೆಟ್ಟುಗಳ ಮತ್ತು ದಪ್ಪ ಪಟ್ಟಿಯ ಖರ್ಚನ್ನೂ ಬೆಲೆಯೊಳಗೆ ಸೇರಿಸಿ ಲೆಕ್ಕ ಹಾಕಿ ಕೊಳ್ಳಬಹುದು. ಕೊಂಡ ಮೇಲೆ ಮೊದಲ ಐನೂರು ಕಿಲೋಮೀಟರಿಗೆ ಒಮ್ಮೆ, ಆಮೇಲೆ ಪ್ರತಿ ಸಲ ಆಯಿಲ್ ಬದಲಿಸುವಾಗ, ಕ್ಲಾಂಪನ್ನೂ ಪಟ್ಟಿಯ ಬೋಲ್ಟನ್ನೂ ಬ್ಯಾಫಲ್ ಹಿಡಿದಿರುವ ಆ ಒಂದೇ ಬೋಲ್ಟನ್ನೂ ಸ್ಪ್ಯಾನರ್ ಹಾಕಿ ಪರೀಕ್ಷಿಸಬೇಕು. ನನ್ನಲ್ಲಿ ಮೂರನೆಯದು ಎರಡು ಸಲ ಸಡಿಲವಾಗಿತ್ತು.