ದುರ್ಗಿಗುಡಿಯಲ್ಲಿ ಕೊಂಡ ವೇ ಪ್ರೊಟೀನ್: ಮೂರು ತಿಂಗಳ ಅನುಭವ

ಕಳೆದ ಮೇ ತಿಂಗಳಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಲ್ಲಿ 2,400 ರೂಪಾಯಿ ಕೊಟ್ಟು ಒಂದು ಕಿಲೋ ವೇ ಪ್ರೊಟೀನ್ ಪುಡಿ ತಂದೆ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ್ದರು, ಆದರೆ ಸಂಜೆಯ ಹಸಿವು ಮಾತ್ರ ನನ್ನ ಹಿಡಿತಕ್ಕೆ ಸಿಗುತ್ತಿರಲಿಲ್ಲ. "ತೂಕ ಇಳಿಸೋ ಇಂಜೆಕ್ಷನ್ ಮಾಡೋ ಕೆಲಸಾನೇ ಇದೂ ಮಾಡುತ್ತೆ ಸರ್" ಎಂದು ಅಂಗಡಿಯವರು ಭರವಸೆ ಕೊಟ್ಟರು. ಆ ಮಾತನ್ನು ನಂಬಿ ಹಣ ಕೊಡುವವರು ನಮ್ಮೂರಿನಲ್ಲಿ ಹೆಚ್ಚುತ್ತಿರುವುದರಿಂದ ಅದರಲ್ಲಿ ಎಷ್ಟು ನಿಜವಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಹಾಲು ಒಡೆದಾಗ ಬೇರೆಯಾಗುವ ತಿಳಿನೀರನ್ನು ನಮ್ಮಮ್ಮ ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳುತ್ತಿದ್ದರು. ಆ ನೀರಿನಲ್ಲಿರುವ ಪ್ರೊಟೀನನ್ನು ಸೋಸಿ ಒಣಗಿಸಿದ ಪುಡಿಯೇ ವೇ. ಹಾಲಿನ ಪ್ರೊಟೀನಿನಲ್ಲಿ ಇದರ ಪಾಲು ಶೇ. 20ರಷ್ಟು, ಉಳಿದದ್ದು ಕೇಸಿನ್. ಕೇಸಿನ್ ಹೊಟ್ಟೆಯ ಆಮ್ಲದಲ್ಲಿ ಹೆಪ್ಪುಗಟ್ಟಿ ನಿಧಾನವಾಗಿ ಕರಗಿದರೆ, ವೇ ತಿಳಿಯಾಗಿಯೇ ಉಳಿದು ಬೇಗನೆ ಸಣ್ಣ ಕರುಳಿಗೆ ಇಳಿಯುತ್ತದೆ. ಆಗ ಕರುಳಿನ ಕೋಶಗಳು ಕೊಲೆಸಿಸ್ಟೊಕೈನಿನ್, ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ಇವು ಹೊಟ್ಟೆ ಖಾಲಿಯಾಗುವುದನ್ನು ತಡಮಾಡಿ, ಸಾಕೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಹಸಿವೆಬ್ಬಿಸುವ ಗ್ರೆಲಿನ್, ಅಂದರೆ 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಹಾರ್ಮೋನು, ಅದೇ ಹೊತ್ತಿಗೆ ಇಳಿಯುತ್ತದೆ.

ಹಾಗಾಗಿ ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅಳತೆಯಲ್ಲಿ ಬಹಳ ತಪ್ಪಿದೆ. ನಮ್ಮ ದೇಹ ತಯಾರಿಸುವ ಜಿಎಲ್‌ಪಿ-1ರಲ್ಲಿ ಅರ್ಧದಷ್ಟು ಎರಡೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಇಂಜೆಕ್ಷನ್ನಿನಲ್ಲಿರುವ, ಇದೇ ಜಿಎಲ್‌ಪಿ-1ರಂತೆ ಕೆಲಸ ಮಾಡುವ ಸೆಮಾಗ್ಲುಟೈಡ್ ಎಂಬ ಔಷಧ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಒಂದು ಲೋಟ ವೇ ಕೆಲವು ಗಂಟೆ ಹಸಿವನ್ನು ತಗ್ಗಿಸಬಲ್ಲದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ನನ್ನ ಅನುಭವವೂ ಹಾಗೆಯೇ ಆಯಿತು. ಮೊದಲ ತಿಂಗಳು ಮಾಮೂಲಿ ಊಟ, ತಿಂಡಿ ಯಾವುದನ್ನೂ ಬಿಡದೆ ಬೆಳಿಗ್ಗೆ ಇದನ್ನೂ ಕುಡಿದೆ. ತೂಕ ಒಂದು ಕಿಲೋ ಏರಿತು. ಡಬ್ಬಿಯ ಚಮಚದಲ್ಲಿ ತುಂಬಿ ತೆಗೆದ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 30 ಗ್ರಾಂ ಇರಬೇಕಾದದ್ದು 38 ಗ್ರಾಂ ತೂಗಿತು, ಅಂದರೆ ದಿನವೂ ಲೆಕ್ಕಕ್ಕೆ ಸಿಗದ ಕ್ಯಾಲೊರಿಗಳು ಸೇರುತ್ತಿದ್ದವು. ಜೂನ್‌ನಿಂದ ಅಳೆದ 30 ಗ್ರಾಂ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ, ಮಳೆ ಹಿಡಿದು ಎಲ್ಲರ ಕೈ ಮೆಣಸಿನಕಾಯಿ ಬಜ್ಜಿಯತ್ತ ಹೋಗುವ ಸಂಜೆ ಐದಕ್ಕೆ ಕುಡಿಯತೊಡಗಿದೆ. ಎರಡು ಬೆರಳು ಎತ್ತರದ ನೊರೆ ಕೂರಲು ಐದು ನಿಮಿಷ ಬೇಕು. ಬಿಸಿ ಹಾಲಿಗೆ ಹಾಕಿದರೆ ಗಂಟುಗಂಟಾಗಿ ಬಾಯಿಗಿಡಲಾಗುವುದಿಲ್ಲ. ಆದರೆ ಬಜ್ಜಿಯ ನೆನಪು ನಿಜಕ್ಕೂ ಹಿಂದೆ ಸರಿಯಿತು, ರಾತ್ರಿ ನಾಲ್ಕು ಅಕ್ಕಿರೊಟ್ಟಿ ತಿನ್ನುತ್ತಿದ್ದವನಿಗೆ ಎರಡೇ ಸಾಕಾಯಿತು. ಆಗಸ್ಟ್ ಕೊನೆಗೆ, ಆರಂಭದ ತೂಕಕ್ಕೆ ಹೋಲಿಸಿದರೆ, ಮೂರು ಕಿಲೋ ಇಳಿದಿದ್ದೆ. ಇಳಿಸಿದ್ದು ಬಿಟ್ಟ ಬಜ್ಜಿ ಮತ್ತು ಕಡಿಮೆಯಾದ ರೊಟ್ಟಿ. ಅವನ್ನು ಬಿಡುವುದನ್ನು ಪುಡಿ ಸುಲಭ ಮಾಡಿತು. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಸ್ನಾಯು ಕರಗದಂತೆ ಪ್ರೊಟೀನ್ ನೆರವಾಗುತ್ತದೆ ಎಂಬುದು ಇದರ ಇನ್ನೊಂದು ಲಾಭ, ಅದಕ್ಕೆ ಜೊತೆಗೆ ವ್ಯಾಯಾಮವೂ ಇರಬೇಕು.

ದೂರು ಹೇಳಲೇಬೇಕಾದದ್ದು ಪ್ಯಾಕಿಂಗ್ ಬಗ್ಗೆ. ಜುಲೈನಲ್ಲಿ ತೀರ್ಥಹಳ್ಳಿಯ ಮನೆಗೆ ಒಯ್ದಿದ್ದ ಎರಡನೆಯ ಪ್ಯಾಕು ಜಿಪ್ ಸರಿಯಾಗಿ ಕೂರದೆ ತೇವ ಎಳೆದುಕೊಂಡು, ಒಂದೇ ವಾರದಲ್ಲಿ ಬೆಲ್ಲದ ಅಚ್ಚಿನಂತಾಯಿತು. ಮಲೆನಾಡಿನವರು ಕೊಂಡ ದಿನವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿಸಿಕೊಳ್ಳುವುದು ಒಳ್ಳೆಯದು.

ಬೆಲೆಯ ಲೆಕ್ಕ ನೋಡಿ. 24 ಗ್ರಾಂ ಪ್ರೊಟೀನಿರುವ ಒಂದು ಲೋಟಕ್ಕೆ 72 ರೂಪಾಯಿ ಬೀಳುತ್ತದೆ, ಅಷ್ಟೇ ಪ್ರೊಟೀನ್ ನಾಲ್ಕು ಮೊಟ್ಟೆಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಸಾಕು, ಆದರೆ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿರೊಟ್ಟಿ ತಿನ್ನುವ ನಮಗೆ ಅಷ್ಟು ತಲುಪುವುದೂ ಕಷ್ಟ. ಮೊಟ್ಟೆ, ಮೀನು, ಹುರುಳಿ ಸಾರು ದಿನವೂ ಇರುವ ಮನೆಯಲ್ಲಿ ಈ ಖರ್ಚು ಅನಗತ್ಯ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಹಾಲು ಕುಡಿದರೆ ಹೊಟ್ಟೆಯುಬ್ಬರ ಆಗುವವರು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆ ಇರುವ ಐಸೊಲೇಟ್ ಎಂಬ ಬಗೆಯ ವೇ ಪುಡಿ ಆರಿಸಿಕೊಳ್ಳಬೇಕು. ನಾನು ಸಂಜೆಯ ಒಂದು ಲೋಟವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದೂ ಮಳೆಗಾಲದಲ್ಲಿ ಅರ್ಧ ಕಿಲೋ ಪ್ಯಾಕಿನಲ್ಲಿ.