ಕಿವಿಯಿಲ್ಲದ ಬ್ಲೂ ನೋಟ್, ಎಣ್ಣೆ ಹಚ್ಚಿದ ತಟ್ಟೆ

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಜಾಝ್ ರೆಕಾರ್ಡ್ ಹುಡುಕುವವರು ಗೀರು ಕಂಡರೆ ಹಿಂದೆ ಸರಿಯುತ್ತಾರೆ, ಹೊಳಪು ಕಂಡರೆ ಕೈ ಚಾಚುತ್ತಾರೆ. ಈಚೆಗೆ ನನಗಾದ ಅನುಭವದ ಮೇಲೆ ನಾನು ಹೇಳುವುದು ಇದಕ್ಕೆ ತೀರಾ ವಿರುದ್ಧ. ಅರವತ್ತು ವರ್ಷ ಹಳೆಯ ತಟ್ಟೆಯೊಂದು ನಿನ್ನೆ ಮೊನ್ನೆ ಕಾರ್ಖಾನೆಯಿಂದ ಹೊರಬಿದ್ದ ಹಾಗೆ ಥಳಥಳಿಸುತ್ತಿದ್ದರೆ ಮೊದಲು ಅನುಮಾನಪಡಿ. ಧೂಳು ಹಿಡಿದು ಮಂಕಾದ ರೆಕಾರ್ಡ್ ಕನಿಷ್ಠ ತನ್ನ ವಯಸ್ಸನ್ನಾದರೂ ಮುಚ್ಚಿಡುವುದಿಲ್ಲ.

ನಾನು ಕೊಂಡದ್ದು ಅಮೆರಿಕದ ಜಾಝ್ ರೆಕಾರ್ಡ್ ಕಂಪನಿಯಾದ ಬ್ಲೂ ನೋಟ್ ಸಂಸ್ಥೆಯ 4000 ಸರಣಿಯ ಒಂದು ಮೊನೊ (ಒಂದೇ ಧ್ವನಿಪಥದ) ಎಲ್‌ಪಿ. 1960ರ ದಶಕದ ಆರಂಭದ ಹಾರ್ಡ್ ಬಾಪ್ ಎಂಬ ಜಾಝ್ ಶೈಲಿ. ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ಮುಂದೆ, ಪಿಯಾನೊ, ಬಾಸ್, ಡ್ರಮ್ಸ್ ಹಿಂದೆ. ಈ ಸಂಗೀತದ ರುಚಿ ಹತ್ತಿದವರಿಗೆ ಆ ಹೊದಿಕೆಗಳ ಸೆಳೆತ ಎಂಥದ್ದೆಂದು ಹೇಳಬೇಕಾಗಿಲ್ಲ: ಫ್ರಾನ್ಸಿಸ್ ವುಲ್ಫ್ ತೆಗೆದ ಫೋಟೊ, ರೀಡ್ ಮೈಲ್ಸ್ ಜೋಡಿಸಿದ ಅಕ್ಷರಗಳು. ಹಿಂಬದಿಯ ಕೆಳಗಡೆ 43 ವೆಸ್ಟ್ 61ನೇ ಬೀದಿ, ನ್ಯೂಯಾರ್ಕ್ ಎಂಬ ವಿಳಾಸವಿತ್ತು. ಆ ಕಾಲದ ಹೊದಿಕೆಯಲ್ಲಿ ಇರಬೇಕಾದ ವಿಳಾಸವೇ ಅದು. ಹಳೆಯ ಪುಸ್ತಕ, ಗಡಿಯಾರ, ಕ್ಯಾಮೆರಾಗಳ ಜೊತೆ ರೆಕಾರ್ಡ್‌ಗಳನ್ನೂ ಮಾರುವ ಅಂಗಡಿ. ಅದರ ಹೆಸರು ಬರೆಯುವುದಿಲ್ಲ, ಏಕೆಂದರೆ ಈ ಕೈಚಳಕ ಅವರೊಬ್ಬರ ಸ್ವತ್ತಲ್ಲ.

ಒಮ್ಮೆ ನುಡಿಸಿ ತೋರಿಸಿ ಎಂದು ಕೇಳಿದೆ. ಪ್ಲೇಯರ್‌ನ ಬೆಲ್ಟ್ ತುಂಡಾಗಿದೆ ಎಂದರು ಮಾಲೀಕರು. ತಟ್ಟೆಯನ್ನು ಬೆಳಕಿಗೆ ಹಿಡಿದೆ. ಒಂದು ಗೀರೂ ಇಲ್ಲ, ಎರಡೂ ಬದಿ ಕಪ್ಪಗೆ ಮಿಂಚುತ್ತಿವೆ. ಆದರೆ ಲೇಬಲ್ ಬೇರೆಯೇ ಕಥೆ ಹೇಳುತ್ತಿತ್ತು. ನಡುವಿನ ರಂಧ್ರದ ಸುತ್ತ ಬಹಳ ತೆಳ್ಳಗಿನ ಬೂದು ಗೆರೆಗಳು ಅಡ್ಡಾದಿಡ್ಡಿಯಾಗಿ ಹರಡಿದ್ದವು. ರೆಕಾರ್ಡನ್ನು ಪ್ಲೇಯರ್ ಮೇಲೆ ಕೂರಿಸುವಾಗ ರಂಧ್ರ ಸಿಗದೆ ಪ್ಲೇಯರ್‌ನ ನಡುಗಡ್ಡಿಯಾದ ಸ್ಪಿಂಡಲ್‌ನ ತುದಿ ಕಾಗದಕ್ಕೆ ಉಜ್ಜಿದಾಗ ಬೀಳುವ ಗುರುತುಗಳು ಅವು. ಅಂಥ ಗುರುತು ಹೆಚ್ಚಿದ್ದಷ್ಟೂ ಆ ರೆಕಾರ್ಡ್ ಹೆಚ್ಚು ನುಡಿದಿದೆ ಎಂದು ಲೆಕ್ಕ. ಇದೇನು ಎಂದು ಕೇಳಿದ್ದಕ್ಕೆ, "ಹಿಂದಿನವರಿಗೆ ದೀಪ ಆರಿಸಿ ಕೇಳುವ ಅಭ್ಯಾಸವಿತ್ತಂತೆ" ಎಂದು ನಕ್ಕರು. ಒಳ್ಳೆಯ ಉತ್ತರ, ಒಪ್ಪಿಕೊಳ್ಳಬೇಕು. ಆದರೂ ರಸೀದಿಯ ಮೇಲೆ "ವಿಜಿ ಪ್ಲಸ್ ದರ್ಜೆ, ಸರಿಯಾಗಿ ನುಡಿಯದಿದ್ದರೆ ವಾಪಸ್" ಎಂದು ಅವರ ಕೈಯಲ್ಲೇ ಬರೆಸಿಕೊಂಡು ಹಣ ಕೊಟ್ಟೆ. ವಿಜಿ ಪ್ಲಸ್ ಎಂದರೆ ವೆರಿ ಗುಡ್‌ಗಿಂತ ಒಂದು ಮೆಟ್ಟಿಲು ಮೇಲು.

ಮನೆಯಲ್ಲಿ ಮೊದಲ ಹಾಡು ಚೆನ್ನಾಗಿಯೇ ಶುರುವಾಯಿತು. ಎರಡನೆಯ ಹಾಡಿನ ನಡುವೆ ಸಿಂಬಲ್‌ಗಳ ಕಿಣಿಕಿಣಿ ಮೆಲ್ಲಗೆ ಅಡಗಿತು. ಆಮೇಲೆ ಇಡೀ ತಂಡ ಕಂಬಳಿಯೊಳಗೆ ಕುಳಿತು ನುಡಿಸಿದಂತೆ ಕೇಳತೊಡಗಿತು. ಆರ್ಮ್ ಎತ್ತಿ ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಯ ತುದಿಯಲ್ಲಿ ಕಂದು ಬಣ್ಣದ ಅಂಟು ಉಂಡೆಗಟ್ಟಿದೆ. ಕುಂಚದಿಂದ ಒರೆಸಿದರೆ ಎಳೆ ಎಳೆಯಾಗಿ ಬಂತು. ಧೂಳು ಹೀಗೆ ಜಿಗುಟಾಗುವುದಿಲ್ಲ. ತಟ್ಟೆಯ ಮೇಲೆ ಯಾರೋ ಮರದ ಪೀಠೋಪಕರಣಕ್ಕೆ ಹಚ್ಚುವಂಥ ಪಾಲಿಶ್ ಸಿಂಪಡಿಸಿ ಉಜ್ಜಿದ್ದರು. ಮೂಗಿನ ಹತ್ತಿರ ಹಿಡಿದಾಗ ನಿಂಬೆಯ ವಾಸನೆ ಇನ್ನೂ ಇತ್ತು.

ಭಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಮೆದು ಸಾಬೂನು ಬೆರೆಸಿ ತೊಳೆದೆ. ಮೊದಲ ಸಲ ನೀರು ಮೇಲ್ಮೈಯಲ್ಲಿ ನಿಲ್ಲದೆ ಹನಿಹನಿಯಾಗಿ ಜಾರಿಹೋಯಿತು. ಮತ್ತೆ ಮತ್ತೆ ತೊಳೆದ ಮೇಲೆ ಹೊಳಪು ಬಿಟ್ಟಿತು, ಅದರ ಕೆಳಗಿನ ನಿಜ ಕಾಣಿಸಿತು. ಟ್ರಂಪೆಟ್ ಸೋಲೊ ಜೋರಾಗುವ ಕಡೆಯಲ್ಲೆಲ್ಲ ಸಂಗೀತ ಕೊರೆದ ಗೆರೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಒಣಗಿಸಿ ಮತ್ತೆ ಹಾಕಿದರೆ ಮೇಲಿನ ಸ್ವರಗಳೆಲ್ಲ ಒಡೆದು ಚೂರಾಗುತ್ತಿದ್ದವು, ಪಿಯಾನೊದ ಗಟ್ಟಿ ಹೊಡೆತಗಳು ಗರಗರ ಎನ್ನುತ್ತಿದ್ದವು. ಎರಡನೆಯ ಬದಿಯ ಕೊನೆಯ ಹಾಡನ್ನಂತೂ ಕೇಳಲಾಗಲಿಲ್ಲ.

ಇದು ಗೀರಿನ ತೊಂದರೆಯಲ್ಲ, ಸವೆತದ್ದು. ಗೀರು ಟಕ್ ಟಕ್ ಎಂದು ಬಂದು ಹೋಗುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸವೆತ ಸಂಗೀತದ ಒಳಗೇ ಕುಳಿತಿರುತ್ತದೆ. ಸೂಜಿಯನ್ನು ಹಿಡಿದಿರುವ ಇಂದಿನ ಕಾರ್ಟ್ರಿಡ್ಜ್‌ಗಳು ಗೆರೆಯ ಮೇಲೆ ಹಾಕುವ ಭಾರ ಸಾಮಾನ್ಯವಾಗಿ ಎರಡು ಗ್ರಾಂ ಆಸುಪಾಸು. ಹಿಂದೆ ಮನೆಮನೆಗಳಲ್ಲಿದ್ದ ಅಗ್ಗದ ಪ್ಲೇಯರ್‌ಗಳು ಅದರ ಹಲವು ಪಟ್ಟು ಭಾರ ಹಾಕುತ್ತಿದ್ದವು, ಅದೂ ತುದಿ ಮೊಂಡಾದ ಸೂಜಿಯಲ್ಲಿ. ಜೋರಾದ ಸ್ವರ ಬಂದಾಗ ಗೆರೆ ಅತ್ತಿತ್ತ ಗಕ್ಕನೆ ತಿರುಗುತ್ತದೆ. ಮೊಂಡು ಸೂಜಿ ಆ ತಿರುವುಗಳನ್ನು ಹಿಂಬಾಲಿಸಲಾಗದೆ ಗೋಡೆಯನ್ನೇ ಕೆರೆದುಹಾಕುತ್ತದೆ. ಒಳಗಿನ ಹಾಡುಗಳ ಪಾಡು ಇನ್ನೂ ಕೆಟ್ಟದ್ದು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರಅಂಚಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರ ಅದು ಸುಮಾರು 20ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೊರೆದಿರುತ್ತಾರೆ. ಹಾನಿ ಮೊದಲು ಕೇಳಿಸುವುದು ಅಲ್ಲಿಯೇ.

ಪಾಲಿಶ್ ಇದನ್ನು ಸರಿಪಡಿಸುವುದಿಲ್ಲ, ಬೂದು ಬಣ್ಣವನ್ನು ಕಪ್ಪಾಗಿ ತೋರಿಸುತ್ತದೆ, ಅಷ್ಟೆ. ಜೊತೆಗೆ ಧೂಳನ್ನು ಗೆರೆಯ ತಳಕ್ಕೆ ಅಂಟಿಸಿಬಿಡುತ್ತದೆ.

ರಸೀದಿ ಹಿಡಿದು ಹೋದೆ. ಮಾಲೀಕರು ತಟ್ಟೆಯನ್ನು ತಿರುಗಿಸಿ ನೋಡಿ, "ನೀವು ತೊಳೆದಿದ್ದೀರಿ. ನಾನು ಕೊಟ್ಟಾಗ ಹೀಗಿರಲಿಲ್ಲ, ಇದು ನನ್ನ ಮಾಲು ಹೇಗಾಗುತ್ತದೆ?" ಎಂದರು. ಬಲೆ ಎಷ್ಟು ನಾಜೂಕಾಗಿದೆ ನೋಡಿ. ತೊಳೆಯದೆ ದೋಷ ಗೊತ್ತಾಗುವುದಿಲ್ಲ, ತೊಳೆದರೆ ವಾಪಸ್ ಇಲ್ಲ. ಪಾಲಿಶ್ ಮಾತೆತ್ತಿದರೆ, ಗಿರಾಕಿಗಳಿಗೆ ಕೊಳಕು ತಟ್ಟೆ ಕೊಡಲಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ಹಣ ಬರಲಿಲ್ಲ. ಹಾಗಾಗಿ ರಸೀದಿಯಲ್ಲಿ ಬರೆಸುವವರು "ನೀರಿನಲ್ಲಿ ತೊಳೆದ ನಂತರವೂ" ಎಂಬ ಮಾತನ್ನು ಸೇರಿಸಿಯೇ ಬರೆಸಿ. ಅದಕ್ಕೆ ತಕರಾರು ತೆಗೆಯುವ ಅಂಗಡಿಯಲ್ಲಿ ಕೊಳ್ಳಬೇಕಾದ ಅಗತ್ಯವೇ ಇಲ್ಲ.

ಇನ್ನು ಕಿವಿಯ ವಿಷಯ. ಇದು ಮೊದಲ ಮುದ್ರಣ ಎಂದು ಸಾಧಿಸಲು ಅವರು ತೋರಿಸಿದ್ದು ಕೊನೆಯ ಗೆರೆಗೂ ಲೇಬಲ್‌ಗೂ ನಡುವಿನ ಖಾಲಿ ಪಟ್ಟಿಯಲ್ಲಿದ್ದ ವ್ಯಾನ್ ಗೆಲ್ಡರ್ ಎಂಬ ಅಚ್ಚು. ರೂಡಿ ವ್ಯಾನ್ ಗೆಲ್ಡರ್ ಬ್ಲೂ ನೋಟ್‌ನ ಧ್ವನಿಮುದ್ರಣದ ಮಾಂತ್ರಿಕ. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೊ ಮಾಡಿಕೊಂಡಿದ್ದವರು, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ಗೆ ಹೋದರು. ಮಾಸ್ಟರ್ ತಟ್ಟೆಯನ್ನು ಅವರೇ ಕೊರೆದಿದ್ದಾರೆ ಎಂಬುದಕ್ಕೆ ಆ ಅಚ್ಚು ಸಾಕ್ಷಿ. ಆದರೆ ಆ ಮಾಸ್ಟರ್‌ನಿಂದ ತಟ್ಟೆಯನ್ನು ಯಾವಾಗ, ಎಲ್ಲಿ ಒತ್ತಿದರು ಎಂಬುದನ್ನು ಅದು ಹೇಳುವುದಿಲ್ಲ. 1965–66ರಲ್ಲಿ ಬ್ಲೂ ನೋಟ್ ಸಂಸ್ಥೆ ಲಿಬರ್ಟಿ ಎಂಬ ರೆಕಾರ್ಡ್ ಕಂಪನಿಯ ಕೈಗೆ ಹೋದ ಮೇಲೂ ವ್ಯಾನ್ ಗೆಲ್ಡರ್ ಕೊರೆದ ಮಾಸ್ಟರ್‌ಗಳು ಬಳಕೆಯಲ್ಲಿದ್ದವು.

ಅದನ್ನು ಹೇಳುವುದು ಇನ್ನೊಂದು ಗುರುತು. ಅಲ್ಲಿಯವರೆಗೆ ಬ್ಲೂ ನೋಟ್ ತಟ್ಟೆಗಳನ್ನು ಒತ್ತುತ್ತಿದ್ದುದು ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆ. ಅದರ ಅಚ್ಚುಗಳಲ್ಲಿ ಬಾಗಿದ ಪಿ ಅಕ್ಷರದ ಸಣ್ಣ ಗುರುತೊಂದು ಇರುತ್ತದೆ. ಅಡ್ಡಬಿದ್ದು ಕಿವಿಯ ಆಕಾರದಲ್ಲಿ ಕಾಣುವುದರಿಂದ ಸಂಗ್ರಹಕಾರರು ಅದನ್ನು ಕಿವಿ ಎಂದೇ ಕರೆಯುತ್ತಾರೆ. ನನ್ನ ತಟ್ಟೆಯ ಎರಡೂ ಬದಿಯಲ್ಲಿ ಕಿವಿ ಇರಲಿಲ್ಲ. ಲೇಬಲ್‌ನಲ್ಲಿ ನ್ಯೂಯಾರ್ಕ್ ಯುಎಸ್‌ಎ ಎಂದಿತ್ತು, ಅದೂ ಏನನ್ನೂ ಸಾಬೀತು ಮಾಡುವುದಿಲ್ಲ. ಉಳಿದಿದ್ದ ಹಳೆಯ ಲೇಬಲ್, ಹೊದಿಕೆಗಳನ್ನು ಲಿಬರ್ಟಿಯವರು ಮುಗಿಯುವವರೆಗೂ ಬಳಸಿದರು. ಹಾಗಾಗಿ ಈ ವಿಷಯದಲ್ಲಿ ಮಾಲೀಕರಿಗೆ ನಾನು ಅನುಮಾನದ ಲಾಭ ಕೊಡಬಲ್ಲೆ, ಅವರಿಗೂ ಗೊತ್ತಿಲ್ಲದಿರಬಹುದು. ನಿಜ ಹೇಳಬೇಕೆಂದರೆ ಸುಸ್ಥಿತಿಯಲ್ಲಿರುವ ಲಿಬರ್ಟಿ ಮುದ್ರಣ ಸೊಗಸಾಗಿಯೇ ನುಡಿಯುತ್ತದೆ, ಸವೆದ ಮೊದಲ ಮುದ್ರಣಕ್ಕಿಂತ ಎಷ್ಟೋ ಮೇಲು. ಕಿವಿ ಇದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡು, ನುಡಿಯುತ್ತದೆಯೋ ಇಲ್ಲವೋ ಎಂಬುದನ್ನು ಮರೆಯುವ ಸಂಗ್ರಹಕಾರರನ್ನು ಕಂಡರೆ ನನಗೆ ನಗು. ಆದರೆ ಮೊದಲ ಮುದ್ರಣದ ಬೆಲೆ ಕೇಳುವವರು ಕಿವಿ ತೋರಿಸಬೇಕು. ಪಾಲಿಶ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಗೊತ್ತಿಲ್ಲದೆ ಯಾರೂ ತಟ್ಟೆಗೆ ಎಣ್ಣೆ ಹಚ್ಚುವುದಿಲ್ಲ.

ದರ್ಜೆಯ ಮಾತನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್ ಎಂಬ ಶ್ರೇಣಿ ಎಲ್ಲೆಡೆ ಚಾಲ್ತಿಯಲ್ಲಿದೆ. ಆದರೆ ಬಹುತೇಕ ಅಂಗಡಿಗಳು ಅದನ್ನು ಕೊಡುವುದು ಕಣ್ಣಳತೆಯಲ್ಲಿ. ಕಣ್ಣಿಗೆ ಕಾಣದ ಸವೆತಕ್ಕೆ ಅಲ್ಲಿ ಜಾಗವೇ ಇಲ್ಲ. ದರ್ಜೆ ನೋಡಿ ಕೊಟ್ಟದ್ದೋ, ಕೇಳಿ ಕೊಟ್ಟದ್ದೋ ಎಂದು ಬಾಯಿಬಿಟ್ಟು ಕೇಳಿ.

ಅಂಗಡಿಯ ಪ್ಲೇಯರ್ ಕೆಲಸ ಮಾಡುತ್ತಿದ್ದರೆ ಮೊದಲ ಹಾಡಿನ ಆರಂಭ ಕೇಳಿ ತಲೆಯಾಡಿಸಬೇಡಿ. ಎಲ್ಲ ತಟ್ಟೆಗಳೂ ಅಲ್ಲಿ ಸಭ್ಯವಾಗಿಯೇ ನಡೆದುಕೊಳ್ಳುತ್ತವೆ. ಬದಿಯ ಕೊನೆಯ ಹಾಡಿಗೆ ಹೋಗಿ, ಟ್ರಂಪೆಟ್ ಏರುವ ಜಾಗ ಕೇಳಿ. ಪ್ಲೇಯರ್ ಇಲ್ಲವಾದರೆ ಒಂದೇ ಬಲ್ಬಿನ ನೇರ ಬೆಳಕಿನಲ್ಲಿ ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಟ್ಯೂಬ್‌ಲೈಟ್ ಅಡಿಯಲ್ಲಿ ಎಲ್ಲವೂ ಚೆಲುವಾಗಿ ಕಾಣುತ್ತದೆ. ಕೊನೆಯಲ್ಲಿರುವ ಆ ಖಾಲಿ ಪಟ್ಟಿಯನ್ನು ಬಿಳಿ ಹತ್ತಿ ಬಟ್ಟೆಯಿಂದ ಮೆತ್ತಗೆ ಒರೆಸಿ ನೋಡಿ. ಅಲ್ಲಿ ಸಂಗೀತವಿಲ್ಲ, ಹಾನಿಯ ಭಯವಿಲ್ಲ. ಬಟ್ಟೆ ಜಾರಿದರೆ ಅಥವಾ ಜಿಡ್ಡು ಹತ್ತಿದರೆ ವಾಪಸ್ ಇಟ್ಟುಬಿಡಿ. ಲೇಬಲ್ ಮೇಲಿನ ಸ್ಪಿಂಡಲ್ ಗುರುತುಗಳನ್ನಂತೂ ಯಾವ ಪಾಲಿಶ್‌ನಿಂದಲೂ ಅಳಿಸಲಾಗದು. ತಟ್ಟೆ ಹೊಸದಾಗಿ ಹೊಳೆಯುತ್ತಿದ್ದು ಲೇಬಲ್ ಮಾತ್ರ ದಣಿದಿದ್ದರೆ ಲೇಬಲ್‌ನ ಮಾತನ್ನೇ ನಂಬಿ.

ಹೊದಿಕೆಯ ಕಪ್ಪು ಅಂಚುಗಳನ್ನೂ ಓರೆಯಾಗಿ ನೋಡಿ. ಸವೆದು ಬಿಳಿಚಿದ ಕಡೆ ಮಾರ್ಕರ್ ಪೆನ್ನಿನಿಂದ ತುಂಬಿದ್ದರೆ ಬೆಳಕಿನಲ್ಲಿ ಅದು ನೇರಳೆ ಛಾಯೆ ಬೀರುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿ ವರ್ಷಾನುಗಟ್ಟಲೆ ಇದ್ದ ತಟ್ಟೆಯ ಮೇಲೆ ಹಬೆ ಕವಿದಂಥ ಮಬ್ಬು ಕಾಣಿಸಿದರೆ ಅದು ತೊಳೆದರೂ ಹೋಗದು, ಉದ್ದಕ್ಕೂ ಸುಯ್ಯೆನ್ನುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1925–28ರ ಹಾಟ್ ಫೈವ್ ಮುದ್ರಣಗಳ ಎಲ್‌ಪಿ ಮೇಲೆ ಸ್ಟೀರಿಯೊ ಎಂದು ಬರೆದಿದ್ದರೆ ಅಲ್ಲಿಯೇ ಬಿಡಿ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಇದು ಮೊನೊವನ್ನು ಸೀಳಿ, ಮಂದ್ರವನ್ನು ಒಂದು ಕಡೆಗೂ ತಾರವನ್ನು ಇನ್ನೊಂದು ಕಡೆಗೂ ತಳ್ಳಿದ ಕೃತಕ ಸ್ಟೀರಿಯೊ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳಿಗೆ ನಿಯಮವೇ ಬೇರೆ. ವಿನೈಲ್ ತೊಳೆಯುವ ದ್ರಾವಣಗಳಲ್ಲಿ ಆಲ್ಕೊಹಾಲ್ ಇರುವುದುಂಟು. ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. "ಸ್ಪಿರಿಟ್ ಹಾಕಿ ಫಳಫಳ ಮಾಡಿದ್ದೇನೆ" ಎಂದು ಯಾರಾದರೂ ಹೆಮ್ಮೆಯಿಂದ 78 ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಆ ಕಾಲದ ಉಕ್ಕಿನ ಸೂಜಿಗಳನ್ನು ಪ್ರತಿ ಬದಿಗೂ ಬದಲಾಯಿಸಬೇಕಿತ್ತು, ಕುಣಿತದ ಕೂಟಗಳಲ್ಲಿ ಅಷ್ಟು ವ್ಯವಧಾನ ಯಾರಿಗಿತ್ತು? ಜನ ಮೆಚ್ಚಿದ ಸ್ವಿಂಗ್ ತಟ್ಟೆಗಳೇ ಹೆಚ್ಚು ಸವೆದಿರುವುದು ಅದಕ್ಕಾಗಿಯೇ.

ನನ್ನ ಎಲ್‌ಪಿಗೆ ಈಗ ಚೂಪು ತುದಿಯ ಬೇರೆ ಸೂಜಿ ಹಾಕಿ ಕೇಳುತ್ತಿದ್ದೇನೆ. ಅದು ಗೆರೆಯ ಗೋಡೆಯಲ್ಲಿ ಹಳೆಯ ಸೂಜಿಗಳು ಮುಟ್ಟದ ಜಾಗವನ್ನು ಹಿಡಿಯುವುದರಿಂದ ಮೊದಲ ಬದಿ ಒಂದಿಷ್ಟು ಚೇತರಿಸಿಕೊಂಡಿದೆ, ಎರಡನೆಯ ಬದಿಯ ಕೊನೆ ಹಾಗೆಯೇ ಇದೆ. ನನ್ನ ತಟ್ಟೆ ಯಾರ ಸಂಗ್ರಹದಿಂದ ಬಂತೋ ಅದೇ ಸಂಗ್ರಹದ ಇನ್ನೂ ಹಲವು ತಟ್ಟೆಗಳು ಆ ಅಂಗಡಿಯಲ್ಲಿ ಉಳಿದಿವೆ, ಕೈಬದಲಾಗಿ ಬೇರೆ ಅಂಗಡಿಗಳಿಗೂ ಹೋಗಿರಬಹುದು. ಹೊದಿಕೆಯ ಹಿಂಬದಿ, ಬಲಗಡೆಯ ಮೇಲಿನ ಮೂಲೆಯಲ್ಲಿ ನೇರಳೆ ಶಾಯಿಯ ಅಂಡಾಕಾರದ ಮೊಹರು, ಅದರೊಳಗೆ ಕೈಬರಹದ ಕ್ರಮಸಂಖ್ಯೆ. ಬ್ಲೂ ನೋಟ್, ಪ್ರೆಸ್ಟೀಜ್, ರಿವರ್‌ಸೈಡ್ ಎಂಬ ಮೂರೂ ಜಾಝ್ ಕಂಪನಿಗಳ ಹೊದಿಕೆಗಳಲ್ಲೂ ಅದನ್ನು ನೋಡಿದ್ದೇನೆ. ಆ ಮೊಹರಿರುವ ತಟ್ಟೆ ನಿಮ್ಮ ಕೈಗೆ ಸಿಕ್ಕರೆ ಎರಡೂ ಬದಿಯ ಕೊನೆಯ ಹಾಡನ್ನು ಪೂರ್ತಿ ಕೇಳದೆ ಹಣ ತೆಗೆಯಬೇಡಿ.